ಐಸ್ ಬಾಕ್ಸ್ ಹ್ಯೂಮಿಡರ್

ಐಸ್ ಬಾಕ್ಸ್ ಹ್ಯೂಮಿಡರ್ ಎಂಬುದು ಪ್ರವಾಸದ ವೇಳೆ ಆಹಾರ ಮತ್ತು ಪಾನೀಯಗಳನ್ನು ತಣ್ಣಗಿಡಲು ಬಳಸುವ ಉಷ್ಣನಿರೋಧಕ ಪೆಟ್ಟಿಗೆಯನ್ನು ಸಿಗಾರ್ ಸಂಗ್ರಹಕ್ಕೆ ಹೊಂದಿಸಿಕೊಂಡ ಸಾಧನ. ಸಿಗಾರನ್ನು ನಿಗದಿತ ತೇವದಲ್ಲಿ ಕಾಪಾಡುವ ಪೆಟ್ಟಿಗೆಗೆ ಹ್ಯೂಮಿಡರ್ ಎಂದು ಹೆಸರು. ಸಾಂಪ್ರದಾಯಿಕ ಹ್ಯೂಮಿಡರ್‌ಗಳು ಮರದಿಂದ ಮಾಡಿದವು. ಬೆಲೆ ಹೆಚ್ಚು, ಗಾತ್ರ ಚಿಕ್ಕದು. ಐಸ್ ಬಾಕ್ಸ್ ಕಡಿಮೆ ಖರ್ಚಿನಲ್ಲಿ ಹೆಚ್ಚು ಸಿಗಾರ್‌ಗಳಿಗೆ ಸ್ಥಳ ಒದಗಿಸುತ್ತದೆ. ಗಾಳಿ ಸೋರುವುದು ಕಡಿಮೆಯಾದ್ದರಿಂದ ಒಳಗಿನ ತೇವವೂ ಹೆಚ್ಚು ಕಾಲ ಒಂದೇ ಮಟ್ಟದಲ್ಲಿರುತ್ತದೆ. ಒಣ ಹವೆಯ ನಾಡುಗಳಲ್ಲಿ ಈ ಪೆಟ್ಟಿಗೆಯ ಕೆಲಸ ತೇವವನ್ನು ಒಳಗೆ ಉಳಿಸುವುದು. ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ ಅದರ ಕೆಲಸ ವರ್ಷದ ಹಲವು ತಿಂಗಳು ಇದಕ್ಕೆ ವಿರುದ್ಧವಾದುದು, ಅಂದರೆ ಹೊರಗಿನ ತೇವವನ್ನು ತಡೆಯುವುದು.

ಹೆಸರು ಮತ್ತು ಹಿನ್ನೆಲೆ

ತೇವ ಎಂಬ ಅರ್ಥದ ಇಂಗ್ಲಿಷ್ ಪದದಿಂದ ಹ್ಯೂಮಿಡರ್ ಎಂಬ ಹೆಸರು ಬಂದಿದೆ. ಕೂಲರ್ ಮತ್ತು ಹ್ಯೂಮಿಡರ್ ಪದಗಳನ್ನು ಕೂಡಿಸಿ ಈ ಬಗೆಯ ಪೆಟ್ಟಿಗೆಯನ್ನು ಸಿಗಾರ್ ಸಂಗ್ರಾಹಕರು ‘ಕೂಲಿಡರ್’ ಎಂದು ಕರೆಯುತ್ತಾರೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿದ ಚಿಕ್ಕ ರೂಪಕ್ಕೆ ‘ಟಪರ್‌ಡರ್’ ಎಂಬ ಹೆಸರಿದೆ.

ಹೊತ್ತೊಯ್ಯಬಹುದಾದ ಐಸ್ ಬಾಕ್ಸ್‌ಗೆ ಅಮೆರಿಕದ ರಿಚರ್ಡ್ ಲಾರಮಿ 1951ರಲ್ಲಿ ಪೇಟೆಂಟ್ ಕೋರಿದರು. 1953ರಲ್ಲಿ ಅದು ಮಂಜೂರಾಯಿತು. ನಂತರದ ವರ್ಷಗಳಲ್ಲಿ ಪ್ಲಾಸ್ಟಿಕ್ ಒಳಮೈಯ ಹಗುರ ಪೆಟ್ಟಿಗೆಗಳು ಬಳಕೆಗೆ ಬಂದವು. ಇಂದಿನ ಪೆಟ್ಟಿಗೆಗಳಲ್ಲಿ ಎರಡು ಪ್ಲಾಸ್ಟಿಕ್ ಗೋಡೆಗಳ ನಡುವೆ ಪಾಲಿಯುರೆಥೇನ್ ನೊರೆಯ ತುಂಬು ಇರುವುದು ಸಾಮಾನ್ಯ. ಅಗ್ಗದ ಪೆಟ್ಟಿಗೆಗಳಲ್ಲಿ ಥರ್ಮೋಕೋಲ್ ಇರುತ್ತದೆ. ಎರಡೂ ಉಷ್ಣದ ಹರಿವನ್ನು ನಿಧಾನಗೊಳಿಸುತ್ತವೆ. ಮಂಜುಗಡ್ಡೆ ಬೇಗ ಕರಗದಂತೆ ತಡೆಯುವ ಇದೇ ಗುಣ ಸಿಗಾರ್ ಸಂಗ್ರಹಕ್ಕೂ ಒದಗಿಬಂದಿದೆ.

ತೇವದ ಲೆಕ್ಕ

ಸಿಗಾರ್ ಹದಗೊಳಿಸಿದ ತಂಬಾಕಿನ ಎಲೆಗಳ ಸುರುಳಿ. ಎಲೆ ಸುತ್ತಲಿನ ಗಾಳಿಯೊಡನೆ ಸದಾ ತೇವವನ್ನು ಕೊಟ್ಟು ಪಡೆಯುತ್ತಿರುತ್ತದೆ. ಗಾಳಿ ಒಣಗಿದ್ದರೆ ಎಲೆ ತೇವ ಬಿಟ್ಟುಕೊಟ್ಟು ಗರಿಗರಿಯಾಗುತ್ತದೆ, ಹೊರ ಹೊದಿಕೆಯ ಎಲೆ ಬಿರಿಯುತ್ತದೆ, ಸುವಾಸನೆಯ ತೈಲಗಳು ಆರಿಹೋಗುತ್ತವೆ. ಗಾಳಿ ಅತಿಯಾಗಿ ತೇವವಾಗಿದ್ದರೆ ಎಲೆ ಉಬ್ಬಿ ಹೊದಿಕೆ ಸೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಶೇ. 65ರಿಂದ 72ರವರೆಗಿನ ಸಾಪೇಕ್ಷ ಆರ್ದ್ರತೆಯನ್ನು ಸಂಗ್ರಹಕ್ಕೆ ಯೋಗ್ಯವೆಂದು ಪರಿಗಣಿಸಲಾಗುತ್ತದೆ.

ಸಾಪೇಕ್ಷ ಆರ್ದ್ರತೆ ಎಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ವಾಸ್ತವವಾಗಿ ಇದೆ ಎಂಬುದರ ಅಳತೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ, 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಹೀಗಾಗಿ ನೀರಿನ ಪ್ರಮಾಣ ಬದಲಾಗದಿದ್ದರೂ ಉಷ್ಣತೆ ಬದಲಾದರೆ ಆರ್ದ್ರತೆ ಬದಲಾಗುತ್ತದೆ. 20 ಡಿಗ್ರಿಯಲ್ಲಿ ಶೇ. 70 ಆರ್ದ್ರತೆಯಿರುವ ಗಾಳಿಯನ್ನು ಹಾಗೆಯೇ 30 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು ಶೇ. 40ಕ್ಕೆ ಇಳಿಯುತ್ತದೆ. 30 ಡಿಗ್ರಿಯಲ್ಲಿ ಶೇ. 70 ಇರುವ ಗಾಳಿ 20 ಡಿಗ್ರಿಗೆ ತಣಿದರೆ ಹೆಚ್ಚುವರಿ ಆವಿ ಹನಿಯಾಗಿ ಗೋಡೆಗೆ ಕೂರುತ್ತದೆ. ಉಷ್ಣನಿರೋಧಕ ಗೋಡೆ ಹಗಲು ರಾತ್ರಿಯ ಏರಿಳಿತವನ್ನು ತಗ್ಗಿಸಿ ಇಂತಹ ಹನಿಗೂಡುವಿಕೆಯನ್ನು ತಡೆಯುತ್ತದೆ.

ಪೆಟ್ಟಿಗೆಯ ಗಾಳಿಯಲ್ಲಿರುವ ನೀರು ಅತ್ಯಲ್ಪ. 45 ಲೀಟರಿನ ಪೆಟ್ಟಿಗೆಯಲ್ಲಿ 25 ಡಿಗ್ರಿ ಉಷ್ಣತೆ ಮತ್ತು ಶೇ. 70 ಆರ್ದ್ರತೆ ಇದ್ದಾಗ ಗಾಳಿಯಲ್ಲಿರುವ ನೀರು ಮುಕ್ಕಾಲು ಗ್ರಾಂನಷ್ಟೂ ಆಗುವುದಿಲ್ಲ. ಮಧ್ಯಮ ಗಾತ್ರದ ಒಂದೇ ಒಂದು ಸಿಗಾರಿನಲ್ಲಿ ಅದಕ್ಕಿಂತ ಹೆಚ್ಚು ನೀರಿರುತ್ತದೆ. ಆದ್ದರಿಂದ ಪೆಟ್ಟಿಗೆಯ ತೇವವನ್ನು ನಿಜವಾಗಿ ಹಿಡಿದಿಡುವುದು ಅದರೊಳಗಿನ ತಂಬಾಕು, ಮರ ಮತ್ತು ತೇವ ನಿಯಂತ್ರಕಗಳೇ ಹೊರತು ಗಾಳಿಯಲ್ಲ. ತುಂಬಿದ ಪೆಟ್ಟಿಗೆ ಖಾಲಿ ಪೆಟ್ಟಿಗೆಗಿಂತ ಸ್ಥಿರವಾಗಿರುವುದಕ್ಕೂ, ಮುಚ್ಚಳ ತೆರೆದಾಗ ಕುಸಿದ ಅಳತೆ ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತಾಗುವುದಕ್ಕೂ ಇದೇ ಕಾರಣ.

ಪೆಟ್ಟಿಗೆಯ ಆಯ್ಕೆ

ಹೊಸ ಪೆಟ್ಟಿಗೆ ಅಥವಾ ಮೀನು, ಮಾಂಸದ ವಾಸನೆ ಹಿಡಿಯದ ಹಳೆಯ ಪೆಟ್ಟಿಗೆ ಈ ಬಳಕೆಗೆ ಯೋಗ್ಯ. ತಂಬಾಕು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಮೀನಿನ ಸಾಗಣೆಗೆ ಬಳಸಿದ ಪೆಟ್ಟಿಗೆಯ ವಾಸನೆ ತೊಳೆದರೂ ಪೂರ್ಣ ಹೋಗುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂರಬೇಕು. ಮುಚ್ಚಳದ ಅಂಚಿನಲ್ಲಿ ಕಾಗದದ ಪಟ್ಟಿಯೊಂದನ್ನಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ಅಲ್ಲಿ ಸೋರಿಕೆ ಇದೆ ಎಂದರ್ಥ. ಅಂತಹ ಕಡೆ ಬಾಗಿಲ ಸಂದಿಗೆ ಹಚ್ಚುವ ನೊರೆಪಟ್ಟಿಯನ್ನು ಅಂಟಿಸಲಾಗುತ್ತದೆ. ಕರಗಿದ ನೀರು ಹೊರಬಿಡಲು ತಳದಲ್ಲಿರುವ ರಂಧ್ರದ ಬಿರಡೆಯನ್ನೂ ಭದ್ರಪಡಿಸಬೇಕಾಗುತ್ತದೆ.

ಒಳಮರ

ಹ್ಯೂಮಿಡರ್‌ಗಳ ಒಳಮೈಗೆ ಸ್ಪ್ಯಾನಿಷ್ ಸೀಡರ್ ಎಂದು ಕರೆಯಲಾಗುವ ಮರ ಪ್ರಸಿದ್ಧ. ಹೆಸರಿನಲ್ಲಿ ಸೀಡರ್ ಇದ್ದರೂ ಅದು ದೇವದಾರುವಿನ ಬಳಗದ್ದಲ್ಲ, ಸ್ಪೇನಿನದೂ ಅಲ್ಲ. ಸೆಡ್ರೆಲಾ ಒಡೊರಾಟಾ ಎಂಬ ವೈಜ್ಞಾನಿಕ ಹೆಸರಿನ ಈ ಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ಬೇವಿನ ಕುಟುಂಬಕ್ಕೆ ಸೇರಿದ್ದು. ತೇವವನ್ನು ಹೀರಿ ಬಿಡುವ ಗುಣ ಮತ್ತು ಹಿತವಾದ ಪರಿಮಳ ಇದರ ಮೆಚ್ಚುಗೆಗೆ ಕಾರಣ.

ಇದರ ಹತ್ತಿರದ ಬಂಧುವೊಂದು ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುತ್ತದೆ. ಕನ್ನಡದಲ್ಲಿ ಗಂಧಗರಿಗೆ ಎಂಬ ಹೆಸರಿರುವ ಆ ಮರದ ವೈಜ್ಞಾನಿಕ ಹೆಸರು ಟೂನಾ ಸಿಲಿಯಾಟಾ. ಹಿಂದೆ ಸಸ್ಯಶಾಸ್ತ್ರಜ್ಞರು ಇದನ್ನೂ ಸೆಡ್ರೆಲಾ ಕುಲದಲ್ಲಿಯೇ ಸೇರಿಸಿದ್ದರು. ಕೆಂಪು ಛಾಯೆಯ, ಹಗುರವಾದ, ನವುರು ಪರಿಮಳದ ಇದರ ಹಲಗೆಯನ್ನು ಪೀಠೋಪಕರಣ ಮತ್ತು ಸಿಗಾರ್ ಪೆಟ್ಟಿಗೆಗಳಿಗೆ ಬಳಸಲಾಗಿದೆ. ತೇಗ, ಹಲಸು ಮುಂತಾದ ಬೇರೆ ಮರಗಳ ವಾಸನೆ ಎಲೆಗೆ ಅಂಟುವ ಸಾಧ್ಯತೆ ಇದೆ. ವಾರ್ನಿಷ್ ಹಚ್ಚಿದ ಹಲಗೆ ತೇವವನ್ನು ಹೀರಲಾರದು, ಅದರ ವಾಸನೆಯೂ ತಂಬಾಕಿಗೆ ಹತ್ತುತ್ತದೆ. ಆದ್ದರಿಂದ ಬಣ್ಣ, ಮೆರುಗು ಇಲ್ಲದ ಹಲಗೆಯನ್ನಷ್ಟೇ ಬಳಸಬೇಕು. ಖಾಲಿಯಾದ ಮರದ ಸಿಗಾರ್ ಪೆಟ್ಟಿಗೆಗಳನ್ನೇ ತಟ್ಟೆಗಳಂತೆ ಜೋಡಿಸುವುದು ಎಲ್ಲಕ್ಕಿಂತ ಸುಲಭದ ಮಾರ್ಗ.

ತೇವ ನಿಯಂತ್ರಕಗಳು

ಪೆಟ್ಟಿಗೆಯ ಆರ್ದ್ರತೆಯನ್ನು ನಿಗದಿತ ಮಟ್ಟದಲ್ಲಿಡಲು ಹಲವು ವಿಧಾನಗಳಿವೆ.

ಭಟ್ಟಿ ನೀರು ಮತ್ತು ಸ್ಪಂಜು: ಇದು ಅತ್ಯಂತ ಹಳೆಯ, ಅತ್ಯಂತ ಸರಳ ವಿಧಾನ. ಆದರೆ ಬರಿಯ ನೀರು ಗಾಳಿಯನ್ನು ಶೇ. 100ರ ಕಡೆಗೆ ಒಯ್ಯುತ್ತದೆ. ಸೋರಿಕೆ ಕಡಿಮೆಯಿರುವ ಐಸ್ ಬಾಕ್ಸ್‌ನಲ್ಲಿ ಇದು ಬೂಷ್ಟಿಗೆ ನೇರ ದಾರಿ. ನಲ್ಲಿ ಅಥವಾ ಬಾವಿಯ ನೀರಿನಲ್ಲಿರುವ ಲವಣ ಸ್ಪಂಜಿನ ರಂಧ್ರಗಳನ್ನು ಮುಚ್ಚುತ್ತದೆ, ಸೂಕ್ಷ್ಮಜೀವಿಗಳೂ ಅದರೊಡನೆ ಒಳಸೇರುತ್ತವೆ.

ಪ್ರೊಪಿಲೀನ್ ಗ್ಲೈಕಾಲ್ ಮಿಶ್ರಣ: ಈ ದ್ರವವನ್ನು ಭಟ್ಟಿ ನೀರಿನೊಡನೆ ಸಮಪ್ರಮಾಣದಲ್ಲಿ ಬೆರೆಸಿದರೆ ಆರ್ದ್ರತೆ ಶೇ. 70ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಬೂಷ್ಟಿನ ಬೆಳವಣಿಗೆಯೂ ತಗ್ಗುತ್ತದೆ. ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇರೆಯೇ ವಸ್ತು, ವಿಷಕಾರಿ. ಹೆಸರಿನ ಸಾಮ್ಯದಿಂದ ಒಂದರ ಬದಲು ಇನ್ನೊಂದನ್ನು ಬಳಸಬಾರದು.

ಸಿಲಿಕಾ ಮಣಿಗಳು: ಹ್ಯೂಮಿಡರ್‌ಗಾಗಿ ತಯಾರಿಸಿದ ಸಿಲಿಕಾ ಮಣಿಗಳು ತೇವ ಹೆಚ್ಚಾದಾಗ ಹೀರುತ್ತವೆ, ಕಡಿಮೆಯಾದಾಗ ಬಿಡುತ್ತವೆ. ಮಾತ್ರೆಗಳ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಣ್ಣ ಸಿಲಿಕಾ ಪೊಟ್ಟಣಗಳು ಇದಕ್ಕೆ ತಕ್ಕವಲ್ಲ; ಅವು ಗಾಳಿಯನ್ನು ಅತಿಯಾಗಿ ಒಣಗಿಸುತ್ತವೆ.

ಲವಣ ದ್ರಾವಣದ ಪೊಟ್ಟಣಗಳು: ನೀರಿನಲ್ಲಿ ಕರಗಿ ಮುಗಿದು ಇನ್ನೂ ಉಳಿಯುವಷ್ಟು ಲವಣ ಹಾಕಿದಾಗ ಅದು ಸಂತೃಪ್ತ ದ್ರಾವಣವಾಗುತ್ತದೆ. ಮುಚ್ಚಿದ ಜಾಗದಲ್ಲಿ ಅಂತಹ ದ್ರಾವಣದ ಮೇಲಿನ ಗಾಳಿ ಆಯಾ ಲವಣಕ್ಕೆ ನಿಗದಿಯಾದ ಆರ್ದ್ರತೆಯಲ್ಲಿ ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಅಡಿಗೆ ಉಪ್ಪಿನ ಮಟ್ಟ ಸುಮಾರು ಶೇ. 75, ಮೆಗ್ನೀಸಿಯಮ್ ಕ್ಲೋರೈಡಿನದು ಸುಮಾರು ಶೇ. 33. ಇದೇ ತತ್ತ್ವದ ಮೇಲೆ ಶೇ. 65, 69, 72 ಮುಂತಾದ ಅಂಕಿ ಮುದ್ರಿಸಿದ ಪೊಟ್ಟಣಗಳು ಮಾರಾಟವಾಗುತ್ತವೆ. ಆವಿ ದಾಟಬಲ್ಲ, ನೀರು ಸೋರದ ಹಾಳೆ ದ್ರಾವಣವನ್ನು ಸುತ್ತಿರುತ್ತದೆ. ತೇವವನ್ನು ಕೊಡುವುದಕ್ಕೂ ತೆಗೆಯುವುದಕ್ಕೂ ಇವು ಬರುವುದರಿಂದ ಋತುಮಾನದ ವ್ಯತ್ಯಾಸ ಹೆಚ್ಚಿರುವ ಕಡೆ ಉಪಯುಕ್ತ.

ಸಿದ್ಧತೆಯ ಕ್ರಮ

1. ಪೆಟ್ಟಿಗೆಯನ್ನು ಪರಿಮಳವಿಲ್ಲದ ಸೋಪಿನಿಂದ ತೊಳೆದು, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಮುಚ್ಚಳ ತೆರೆದಿಟ್ಟು ಪ್ಲಾಸ್ಟಿಕ್ ವಾಸನೆ ಹೋಗುವವರೆಗೆ ಹಲವು ದಿನ ಗಾಳಿಗೆ ಒಡ್ಡಲಾಗುತ್ತದೆ. ಫಿನಾಯಿಲ್ ಮುಂತಾದ ಘಾಟು ದ್ರವಗಳನ್ನು ಬಳಸುವುದಿಲ್ಲ.

2. ತಳದ ರಂಧ್ರವನ್ನು ಮುಚ್ಚಿ, ಮುಚ್ಚಳದ ಸೋರಿಕೆಯನ್ನು ಪರೀಕ್ಷಿಸಲಾಗುತ್ತದೆ.

3. ಒಳಗಿಡುವ ಮರದ ತಟ್ಟೆಗಳನ್ನು ಮೊದಲು ಹದಗೊಳಿಸಲಾಗುತ್ತದೆ. ಒಣ ಹಲಗೆ ಸಿಗಾರಿನ ತೇವವನ್ನೇ ಹೀರಿಬಿಡುವುದರಿಂದ, ಹಲಗೆಗಳನ್ನೂ ನಿಯಂತ್ರಕಗಳನ್ನೂ ಖಾಲಿ ಪೆಟ್ಟಿಗೆಯಲ್ಲಿಟ್ಟು ಅಳತೆ ಸ್ಥಿರವಾಗುವವರೆಗೆ ಒಂದೆರಡು ವಾರ ಕಾಯುವುದು ವಾಡಿಕೆ. ಹಲಗೆಯನ್ನು ನೀರಿನಿಂದ ಒರೆಸಿದರೆ ಅದು ಸೊಟ್ಟಗಾಗುವ ಸಂಭವವಿದೆ.

4. ಸಿಗಾರ್‌ಗಳನ್ನು ಗೋಡೆಗೆ ತಾಗದಂತೆ, ನಡುವೆ ಗಾಳಿ ಆಡುವಂತೆ ಜೋಡಿಸಲಾಗುತ್ತದೆ. ತೇವದ ಗಾಳಿ ಮೂಲೆಗಳಲ್ಲಿ ನಿಲ್ಲದಿರಲಿ ಎಂದು ನಿಯಂತ್ರಕಗಳನ್ನು ಒಂದೇ ಕಡೆ ಇಡದೆ ಮೇಲೆ ಕೆಳಗೆ ಹಂಚಲಾಗುತ್ತದೆ. ದೊಡ್ಡ ಪೆಟ್ಟಿಗೆಗಳಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಫ್ಯಾನ್ ಇಡುವುದೂ ಉಂಟು.

5. ಒಂದೆರಡು ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಬದಲಿಸಲಾಗುತ್ತದೆ.

ಹೈಗ್ರೋಮೀಟರಿನ ಪರೀಕ್ಷೆ

ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ತಪ್ಪು ಅಂಕಿ ತೋರಿಸಿದರೆ ಉಳಿದ ಎಲ್ಲ ಏರ್ಪಾಟೂ ವ್ಯರ್ಥ. ಮುಳ್ಳಿನ ಅಗ್ಗದ ಮಾಪಕಗಳಲ್ಲಿ ದೊಡ್ಡ ದೋಷ ಸಾಮಾನ್ಯ. ಡಿಜಿಟಲ್ ಮಾಪಕಗಳನ್ನೂ ಪರೀಕ್ಷಿಸುವುದು ಒಳಿತು. ಇದಕ್ಕೆ ಉಪ್ಪಿನ ಪರೀಕ್ಷೆ ಪ್ರಚಲಿತ. ಬಾಟಲಿಯ ಮುಚ್ಚಳವೊಂದರಲ್ಲಿ ಅಡಿಗೆ ಉಪ್ಪನ್ನು ತುಂಬಿ, ಕರಗಿಹೋಗದಂತೆ ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತಂದು, ಮಾಪಕದೊಡನೆ ಗಾಳಿಯಾಡದ ಚೀಲದಲ್ಲಿ ಮುಚ್ಚಿ ಒಂದು ದಿನ ಬಿಡಲಾಗುತ್ತದೆ. ಮಾಪಕ ಶೇ. 75 ತೋರಿಸಬೇಕು. 71 ತೋರಿಸಿದರೆ ಮುಂದಿನ ಎಲ್ಲ ಅಳತೆಗೂ 4 ಕೂಡಿಸಬೇಕು. 78 ತೋರಿಸಿದರೆ 3 ಕಳೆಯಬೇಕು.

ಮಲೆನಾಡಿನ ಹವೆಯಲ್ಲಿ

ಹ್ಯೂಮಿಡರ್ ಕುರಿತ ಬಹುಪಾಲು ಸೂಚನೆಗಳು ಚಳಿಗಾಲದಲ್ಲಿ ಮನೆ ಕಾಯಿಸುವ, ಆದ್ದರಿಂದ ಒಳಗಾಳಿ ಒಣಗುವ ದೇಶಗಳಲ್ಲಿ ಹುಟ್ಟಿದವು. ಸೊರಬ ತಾಲ್ಲೂಕಿನ ಹೊಸಬಾಳೆ ಮತ್ತು ನೆರೆಯ ಶಿಕಾರಿಪುರದಂತಹ ಮಲೆನಾಡು, ಅರೆಮಲೆನಾಡಿನ ಊರುಗಳಿಗೆ ಅವು ಯಥಾವತ್ತಾಗಿ ಹೊಂದುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಮಳೆ. ಆಗ ಹೊರಗಿನ ಗಾಳಿಯ ಆರ್ದ್ರತೆ ಸಿಗಾರಿಗೆ ಬೇಕಾದ ಮಟ್ಟವನ್ನು ದಿನಗಟ್ಟಲೆ ಮೀರಿರುತ್ತದೆ. ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ಕ್ಯಾಮೆರಾದ ಮಸೂರಗಳಿಗೆ ಬೂಷ್ಟು ಹಿಡಿಯುವ ಈ ಕಾಲದಲ್ಲಿ ಪೆಟ್ಟಿಗೆಯಲ್ಲಿ ನೀರಿನ ಬಟ್ಟಲಿಡುವುದು ಹಾನಿಗೆ ಆಹ್ವಾನ. ಮಳೆ ಹಿಡಿಯುವ ಮೊದಲೇ ಸಿಲಿಕಾ ಮಣಿಗಳನ್ನು ಸ್ವಲ್ಪ ಒಣಗಿಸಿ ಇಡುವುದು, ಎರಡೂ ಕಡೆಗೆ ಕೆಲಸ ಮಾಡುವ ಪೊಟ್ಟಣಗಳಲ್ಲಿ ಕೆಳಗಿನ ಅಂಕಿಯವನ್ನು ಆರಿಸುವುದು, ಮುಚ್ಚಳವನ್ನು ಬಿಸಿಲು ಬಂದ ದಿನ ಮಾತ್ರ ತೆರೆಯುವುದು ಇಲ್ಲಿಗೆ ಹೊಂದುವ ಕ್ರಮ.

ಮಾರ್ಚ್‌ನಿಂದ ಮಳೆ ಬೀಳುವವರೆಗೆ ಸಮಸ್ಯೆ ತಿರುಗುತ್ತದೆ. ಮಧ್ಯಾಹ್ನದ ಗಾಳಿ ಬಿಸಿಯಾಗಿ, ಒಣದಾಗಿ ಬೀಸುತ್ತದೆ. ಈ ಕಾಲದಲ್ಲಿ ತೇವವನ್ನು ಒದಗಿಸುವ ಅಗತ್ಯ ಬರುತ್ತದೆ, ಜೊತೆಗೆ ಶಾಖದ ಅಪಾಯವೂ ಇದೆ. ಐಸ್ ಬಾಕ್ಸ್ ತಾನಾಗಿ ತಂಪು ಉಂಟುಮಾಡುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಒಳಗೆ ತಣ್ಣನೆಯ ವಸ್ತುವಿಲ್ಲದಿದ್ದರೆ ಅದು ನಿಧಾನವಾಗಿ ಕೋಣೆಯ ಸರಾಸರಿ ಉಷ್ಣತೆಗೇ ಬರುತ್ತದೆ. ನಡುಹಗಲಿನ ಏರಿಕೆಯನ್ನು ಮಾತ್ರ ತಗ್ಗಿಸುತ್ತದೆ. ಆದ್ದರಿಂದ ಪೆಟ್ಟಿಗೆ ಇಡುವ ಜಾಗ ಪೆಟ್ಟಿಗೆಯಷ್ಟೇ ಮಹತ್ವದ್ದು. ಹೆಂಚಿನ ಮನೆಯ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಅಡಿಗೆಮನೆಯಲ್ಲಿ ಹೊಗೆ ಮತ್ತು ಒಗ್ಗರಣೆಯ ವಾಸನೆ ಇರುತ್ತದೆ, ಬಚ್ಚಲ ಪಕ್ಕದ ಗೋಡೆ ಶೀತ ಹಿಡಿಯುತ್ತದೆ. ಬಿಸಿಲು ತಾಗದ ನಡುಮನೆ ಅಥವಾ ಒಳಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಮಣೆಯ ಮೇಲೆ ಇಡುವುದು ಸೂಕ್ತ. ತಂಪಿಗಾಗಿ ಮಂಜುಗಡ್ಡೆಯ ಬಾಟಲಿ ಇಟ್ಟರೆ ಅದರ ಮೈಮೇಲೆ ಹನಿಗೂಡಿ ಹತ್ತಿರದ ಎಲೆ ನೆನೆಯುತ್ತದೆ. ವಿದ್ಯುತ್ತಿನ ಅವಲಂಬನೆ ಇಲ್ಲದಿರುವುದು ಕರೆಂಟು ಆಗಾಗ ಹೋಗುವ ಊರುಗಳಲ್ಲಿ ಈ ಪೆಟ್ಟಿಗೆಯ ಅನುಕೂಲ.

ಎಲೆಯ ತೇವವನ್ನು ಕಾಯುವ ಕೆಲಸ ಈ ಸೀಮೆಗೆ ಹೊಸದಲ್ಲ. ಕವಳದ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವ, ಅದೇ ಕವಳಕ್ಕೆ ಬೇಕಾದ ಹೊಗೆಸೊಪ್ಪನ್ನು ಒಣ ಡಬ್ಬಿಯಲ್ಲಿಡುವ ರೂಢಿಯಲ್ಲಿ ಪ್ರತಿ ಪದಾರ್ಥಕ್ಕೂ ಅದರದೇ ತೇವ ಎಂಬ ತಿಳಿವಳಿಕೆ ಇದೆ. ಸುಗ್ಗಿಯ ಅಡಿಕೆಯನ್ನು ಚೆನ್ನಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಮಳೆಗಾಲದಲ್ಲಿ ಬೂಷ್ಟು ಬಂದು ಬೆಲೆ ಕುಸಿಯುತ್ತದೆ ಎಂಬುದು ಇಲ್ಲಿನ ಬೆಳೆಗಾರರು ಬಲ್ಲ ವಿಷಯ.

ಬೂಷ್ಟು ಮತ್ತು ಕೀಟ

ಆರ್ದ್ರತೆ ಶೇ. 75ನ್ನು ದಾಟಿ ಹಲವು ದಿನ ನಿಂತರೆ ಬೂಷ್ಟು ಕಾಣಿಸಿಕೊಳ್ಳುವ ಸಂಭವ ಹೆಚ್ಚುತ್ತದೆ. ಬಿಳಿ, ಹಸಿರು ಅಥವಾ ನೀಲಿ ಛಾಯೆಯ ನವಿರು ಎಳೆಗಳು ಇದರ ಗುರುತು. ಬೂಷ್ಟು ಹಿಡಿದ ಸಿಗಾರನ್ನು ತೆಗೆದುಹಾಕಿ, ಪೆಟ್ಟಿಗೆಯನ್ನು ಬರಿದು ಮಾಡಿ ಒರೆಸಿ ಒಣಗಿಸುವುದು ಕ್ರಮ.

ಇನ್ನೊಂದು ಶತ್ರು ತಂಬಾಕು ಜೀರುಂಡೆ. ಲ್ಯಾಸಿಯೋಡರ್ಮಾ ಸೆರಿಕೋರ್ನೆ ಎಂಬ ವೈಜ್ಞಾನಿಕ ಹೆಸರಿನ ಈ ಕಂದುಬಣ್ಣದ ಕೀಟ ಎರಡರಿಂದ ಮೂರು ಮಿಲಿಮೀಟರ್ ಉದ್ದವಿದ್ದು, ತಂಬಾಕಿನ ಜೊತೆಗೆ ಮಸಾಲೆ ಪದಾರ್ಥ, ಧಾನ್ಯಗಳನ್ನೂ ತಿನ್ನುತ್ತದೆ. ಎಲೆಯಲ್ಲಿ ಉಳಿದ ಮೊಟ್ಟೆಗಳು ಬೆಚ್ಚಗಿನ ಹವೆಯಲ್ಲಿ ಒಡೆಯುತ್ತವೆ. 30 ಡಿಗ್ರಿಯ ಸುತ್ತ ಇದರ ಬೆಳವಣಿಗೆ ತೀವ್ರ. ಸಿಗಾರಿನ ಮೈಯಲ್ಲಿ ಸೂಜಿಯಿಂದ ಚುಚ್ಚಿದಂತಹ ತೂತುಗಳು, ತಳದಲ್ಲಿ ಪುಡಿ ಕಂಡರೆ ಜೀರುಂಡೆ ಇದೆ ಎಂದು ತಿಳಿಯಬೇಕು. ಶಂಕಿತ ಸಿಗಾರ್‌ಗಳನ್ನು ಗಾಳಿಯಾಡದ ಚೀಲದಲ್ಲಿ ಹಾಕಿ, ಒಂದು ದಿನ ಫ್ರಿಜ್ಜಿನಲ್ಲಿಟ್ಟು, ನಂತರ ಶೂನ್ಯಕ್ಕಿಂತ ಸುಮಾರು 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಮೂರು ದಿನಕ್ಕೆ ಕಡಿಮೆಯಿಲ್ಲದಂತೆ ಇರಿಸಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು ಹೊರತೆಗೆಯಲಾಗುತ್ತದೆ. ಉಷ್ಣತೆಯನ್ನು ಹಂತ ಹಂತವಾಗಿ ಬದಲಿಸದಿದ್ದರೆ ಹೊದಿಕೆಯ ಎಲೆ ಬಿರಿಯುತ್ತದೆ.

ಕರ್ನಾಟಕದ ತಂಬಾಕು ಮತ್ತು ಎಲೆಯ ಹದ

ಕರ್ನಾಟಕದಲ್ಲಿ ತಂಬಾಕು ಎರಡು ಕಡೆ ಪ್ರಮುಖ ಬೆಳೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದಲ್ಲಿ ಸಿಗರೇಟಿಗೆ ಬಳಕೆಯಾಗುವ ವರ್ಜೀನಿಯಾ ತಂಬಾಕು, ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸುತ್ತ ಬೀಡಿ ತಂಬಾಕು ಬೆಳೆಯುತ್ತದೆ. ಸಿಗಾರ್ ಮತ್ತು ಚುಟ್ಟಾ ತಯಾರಿಕೆಗೆ ದಕ್ಷಿಣ ಭಾರತದಲ್ಲಿ ಹೆಸರಾದದ್ದು ತಮಿಳುನಾಡಿನ ತಿರುಚಿರಾಪಳ್ಳಿ ಮತ್ತು ದಿಂಡಿಗಲ್ ಪ್ರದೇಶ. ತಿರುಚಿರಾಪಳ್ಳಿಯ ಸಿಗಾರಿನ ಹೆಸರು ಆರ್ಥರ್ ಕಾನನ್ ಡಾಯ್ಲ್ ಅವರ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ (1887) ಬರುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಎಲೆಯ ತೇವ ಪೆಟ್ಟಿಗೆಯ ಮಾತಲ್ಲ, ವರ್ಷದ ದುಡಿಮೆಯ ಮಾತು. ಬ್ಯಾರನ್ ಎಂದು ಕರೆಯುವ ಹದಗೊಳಿಸುವ ಮನೆಯಲ್ಲಿ ಬಿಸಿಗಾಳಿಯಿಂದ ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿರುತ್ತದೆ. ಬ್ಯಾರನ್ನಿನ ಬಾಗಿಲುಗಳನ್ನು ತೆರೆದಿಟ್ಟು ರಾತ್ರಿಯ ಗಾಳಿಯ ತೇವವನ್ನು ಎಲೆ ಹೀರುವಂತೆ ಮಾಡಿ, ಮಡಿಸಿದರೆ ಮುರಿಯದ ಹದಕ್ಕೆ ಬಂದ ಮೇಲೆ ಇಳಿಸಲಾಗುತ್ತದೆ. ತೇವ ಕಡಿಮೆಯಾದರೆ ಎಲೆ ಒಡೆದು ದರ್ಜೆ ಇಳಿಯುತ್ತದೆ. ಹೆಚ್ಚಾದರೆ ಅಟ್ಟಿಯಲ್ಲಿ ಬಣ್ಣ ಕೆಟ್ಟು ಬೂಷ್ಟು ಬರುತ್ತದೆ. ಈ ತಂಬಾಕು 1975ರ ಕಾಯ್ದೆಯಂತೆ ಸ್ಥಾಪಿತವಾದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ಮಾರಾಟವಾಗುತ್ತದೆ.

ಮಿತಿಗಳು

ಐಸ್ ಬಾಕ್ಸ್‌ನ ಬಿಗಿ ಮುಚ್ಚಳ ತೇವದಂತೆಯೇ ವಾಸನೆಯನ್ನೂ ಒಳಗೇ ಉಳಿಸುತ್ತದೆ. ಪರಿಮಳ ಸೇರಿಸಿದ ಸಿಗಾರನ್ನು ಉಳಿದವುಗಳೊಡನೆ ಇಟ್ಟರೆ ಎಲ್ಲಕ್ಕೂ ಆ ವಾಸನೆ ಹತ್ತುತ್ತದೆ. ಪ್ಲಾಸ್ಟಿಕ್ ಗೋಡೆ ಮರದಂತೆ ತೇವವನ್ನು ಹೀರದ ಕಾರಣ, ಹೆಚ್ಚಾದ ತೇವಕ್ಕೆ ನಿಯಂತ್ರಕ ಮತ್ತು ಒಳಮರವೇ ಗತಿ. ಹೆಚ್ಚು ಕಾಲ ಹದಗೊಳ್ಳಬೇಕಾದ ಸಿಗಾರ್‌ಗಳಿಗೆ ಗಾಳಿಯ ಬದಲಾವಣೆಯೂ ಬೇಕಾಗುವುದರಿಂದ ಪೆಟ್ಟಿಗೆಯನ್ನು ಮುಚ್ಚಿಟ್ಟು ಮರೆಯುವಂತಿಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ವಿಷಕಾರಿ. ಪಿಕ್ನಿಕ್ ಪೆಟ್ಟಿಗೆಯಂತೆಯೇ ಕಾಣುವ ಇದನ್ನು ತಿಂಡಿಯ ಪೆಟ್ಟಿಗೆಯೆಂದು ಮಕ್ಕಳು ತೆರೆಯುವ ಸಾಧ್ಯತೆ ಇರುವುದರಿಂದ ಅವರ ಕೈಗೆ ಸಿಗದಂತೆ ಇಡಬೇಕಾಗುತ್ತದೆ. ಒಮ್ಮೆ ತಂಬಾಕಿಗೆ ಬಳಸಿದ ಪೆಟ್ಟಿಗೆಯನ್ನು ಮರಳಿ ಆಹಾರಕ್ಕೆ ಬಳಸುವುದು ಯೋಗ್ಯವಲ್ಲ.

ಕಾನೂನು ಮತ್ತು ಆರೋಗ್ಯ

ಸಿಗಾರ್ ಮತ್ತು ಚುಟ್ಟಾಗಳು ಭಾರತದ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, 2003ರ ವ್ಯಾಪ್ತಿಗೆ ಬರುತ್ತವೆ. ಈ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ, 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಹಾಗೂ ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರಾಟವನ್ನೂ ನಿಷೇಧಿಸುತ್ತದೆ. ಕರ್ನಾಟಕದ ತಿದ್ದುಪಡಿ ವಯೋಮಿತಿಯನ್ನು 21ಕ್ಕೆ ಏರಿಸಿದೆ.

ಸರಿಯಾದ ತೇವ ಸಿಗಾರಿನ ರುಚಿ ಮತ್ತು ರೂಪವನ್ನು ಉಳಿಸುತ್ತದೆಯೇ ಹೊರತು ಅದರ ಅಪಾಯವನ್ನು ಕಡಿಮೆ ಮಾಡುವುದಿಲ್ಲ. ಸಿಗಾರಿನ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದವರಲ್ಲಿಯೂ ಬಾಯಿ, ಗಂಟಲು ಮತ್ತು ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ತಂಬಾಕು ಸೇವನೆಗೆ ಸುರಕ್ಷಿತ ಪ್ರಮಾಣವೆಂಬುದಿಲ್ಲ.